ಗೋಡೆಯ ಒಳಗಿನದು ಯಾರ ಹೊಣೆ? ಡೊಂಬಿವ್ಲಿಯ ಒಂದು ಬಚ್ಚಲುಮನೆಯ ಕತೆ

ನಮ್ಮ ಮನೆ ಡೊಂಬಿವ್ಲಿ ಪೂರ್ವದಲ್ಲಿ, ನಾಲ್ಕು ಮಹಡಿಯ ಹಳೇ ಸೊಸೈಟಿ ಕಟ್ಟಡದ ತುತ್ತತುದಿಯಲ್ಲಿದೆ. 1989ರಲ್ಲಿ ಕಟ್ಟಿದ್ದು. ಬಚ್ಚಲು ಬೇರೆ, ಕಕ್ಕಸು ಬೇರೆ, ನಡುವೆ ಒಂದು ತೆಳ್ಳನೆ ಗೋಡೆ. ಅಮ್ಮನಿಗೆ 74 ತುಂಬಿತು. ಮೊಣಕಾಲು ಮಡಚಿ ಕೂರುವುದು ಇನ್ನು ಬೇಡವೆಂದು ಡಾಕ್ಟರು ಹೇಳಿದ ಮೇಲೆ ಎರಡನ್ನೂ ಒಂದು ಮಾಡಿ ಕಮೋಡ್ ಹಾಕಿಸಲು ನಿರ್ಧರಿಸಿದೆವು. ಒಡೆಯುವುದು ಹೇಗೂ ಇದೆ, ತುಕ್ಕು ಹಿಡಿದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪುಗಳನ್ನೂ ತೆಗೆದು ಸಿಪಿವಿಸಿ, ಅಂದರೆ ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು ಹಾಕಿಸೋಣ ಎಂದಾಯಿತು. ಸೊಸೈಟಿಯ ಒಪ್ಪಿಗೆ ಪತ್ರ ತಗೊಂಡು 2023ರ ಜನವರಿಯಲ್ಲಿ ಕೆಲಸ ಶುರು ಮಾಡಿದೆವು.

ಈ ಬರಹ ಆ ಕೆಲಸದಲ್ಲಿ ಎದ್ದ ಒಂದೇ ಪ್ರಶ್ನೆಯ ಸುತ್ತ: ನಲ್ಲಿ, ಶವರ್, ಪೈಪು, ಕಮೋಡ್ ಎಲ್ಲ ನಾವೇ ತರಬೇಕೋ, ಪ್ಲಂಬರನಿಗೇ ಬಿಡಬೇಕೋ? ನಾವು ಒಂದು ದಾರಿ ಹಿಡಿದೆವು, ಅದರಲ್ಲಿ ಅರ್ಧ ಸರಿಯಾಯಿತು, ಅರ್ಧ ಕೆಟ್ಟಿತು. ಕೆಟ್ಟದ್ದರ ಬೆಲೆ ನಮ್ಮ ಕೆಳಗಿನ ಮನೆಯವರೂ ತೆರಬೇಕಾಯಿತು ಎನ್ನುವುದು ನನಗೆ ಈಗಲೂ ನೋವಿನ ವಿಷಯ.

ಇಬ್ಬರು ಬಂದು ಲೆಕ್ಕ ಕೊಟ್ಟರು. ಮೊದಲನೆಯವನು ಗುತ್ತಿಗೆದಾರ. ಪ್ಲಂಬಿಂಗ್ ಮತ್ತು ಫಿಟಿಂಗ್ ಸೇರಿ 74,000 ರೂಪಾಯಿ, ‘ವಿತ್ ಮಟೀರಿಯಲ್’. ಕಾಗದದ ಮೇಲೆ ಇದ್ದದ್ದು ಒಂದೇ ಸಾಲು: ‘ಸಿ.ಪಿ. ಫಿಟಿಂಗ್, ಬ್ರಾಂಡೆಡ್’. ಸಿ.ಪಿ. ಎಂದರೆ ಕ್ರೋಮ್ ಲೇಪಿಸಿದ ನಲ್ಲಿ, ಶವರುಗಳು. ಯಾವ ಬ್ರಾಂಡು, ಯಾವ ಮಾಡೆಲು ಎಂದು ಕೇಳಿದರೆ ‘ಒಳ್ಳೇದೇ ಹಾಕ್ತೀನಿ, ಟೆನ್ಶನ್ ಬೇಡ’ ಎಂಬ ಉತ್ತರ. ಅವನನ್ನು ಅಲ್ಲಿಗೇ ಬಿಟ್ಟೆವು.

ಎರಡನೆಯವರು ಒಡಿಶಾದ ಕೇಂದ್ರಾಪಾಡಾ ಜಿಲ್ಲೆಯ ಪಟ್ಟಾಮುಂಡೈ ಕಡೆಯವರು. ದೇಶದ ಯಾವ ದೊಡ್ಡ ಊರಿಗೆ ಹೋದರೂ ಆ ಜಿಲ್ಲೆಯ ಪ್ಲಂಬರುಗಳು ಸಿಗುತ್ತಾರೆ, ಪಟ್ಟಾಮುಂಡೈಯಲ್ಲಿ ಪ್ಲಂಬಿಂಗ್ ಕಲಿಸುವ ಸರ್ಕಾರಿ ಸಂಸ್ಥೆಯೇ ಇದೆ. ಇವರು ನಮ್ಮ ಕಟ್ಟಡದಲ್ಲೇ ಮೂರು ಮನೆ ಮಾಡಿದವರು. ಎರಡು ಲೆಕ್ಕ ಕೊಟ್ಟರು. ಗೋಡೆಯೊಳಗಿನ ಪೈಪು, ಎಲ್ಬೋ (ಪೈಪು ತಿರುಗಿಸುವ ತುಂಡು), ಟೀ (ಮೂರು ಬಾಯಿಯ ತುಂಡು), ನಹಾನಿ ಟ್ರ್ಯಾಪ್ (ಬಚ್ಚಲ ನೀರು ಇಳಿಯುವ ಬಟ್ಟಲು) ಎಲ್ಲ ತಾವೇ ತಂದರೆ ಕೂಲಿ ಸೇರಿ 34,000. ಎಲ್ಲ ಸಾಮಾನು ನಮ್ಮದಾದರೆ ಬರೀ ಕೂಲಿ 22,000. ಮೇಲಿನ ನಲ್ಲಿ, ಕಮೋಡುಗಳ ಖರ್ಚು ಎರಡಕ್ಕೂ ಬೇರೆ.

ನಾವು ಕೂಲಿ ಲೆಕ್ಕವನ್ನೇ ಆರಿಸಿಕೊಂಡೆವು. ಕಾರಣ ಮುಚ್ಚಿಡಬೇಕಾದದ್ದೇನಲ್ಲ: ಅಂಗಡಿಯವರು ಪ್ಲಂಬರನಿಗೆ ಕಮಿಷನ್ ಕೊಡುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ, ನಮ್ಮ ದುಡ್ಡು ಅವರ ಜೇಬಿಗೆ ಯಾಕೆ ಹೋಗಬೇಕು ಎನ್ನುವ ಯೋಚನೆ. ಅದು ಸಾಲದೆಂಬಂತೆ 22,000ವನ್ನೂ ಚೌಕಾಸಿ ಮಾಡಿ 19,000ಕ್ಕೆ ಇಳಿಸಿದೆವು. ಅವರು ಎರಡು ನಿಮಿಷ ಸುಮ್ಮನಿದ್ದು ಒಪ್ಪಿದರು. ಆ ಎರಡು ನಿಮಿಷದಲ್ಲಿ ಅವರು ಏನು ಲೆಕ್ಕ ಹಾಕಿರಬಹುದು ಎನ್ನುವುದು ನನಗೆ ಅರ್ಥವಾದದ್ದು ಆಮೇಲೆ.

ಲೋಹಾರ್ ಚಾಳದಲ್ಲಿ ಒಂದು ಶನಿವಾರ

ಮುಂಬೈಯಲ್ಲಿ ಬಾತ್‌ರೂಮ್ ಸಾಮಾನು ಎಂದರೆ ಲೋಹಾರ್ ಚಾಳ. ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ಕ್ರಾಫರ್ಡ್ ಮಾರ್ಕೆಟ್ ದಾಟಿ ಒಳಗೆ ಹೋದರೆ ಬೀದಿಯ ಎರಡೂ ಕಡೆ ನಲ್ಲಿಗಳು ಫಳಫಳ ಹೊಳೆಯುತ್ತವೆ. ತಮ್ಮನೂ ನಾನೂ ಬೆಳಿಗ್ಗೆ ಹೋದವರು ಸಂಜೆ ನಾಲ್ಕಕ್ಕೆ ಮುಗಿಸಿದೆವು. ಬೇಸಿನ್ ಮಿಕ್ಸರ್, ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ, ಗೋಡೆಯೊಳಗೆ ಕೂರುವ ಡೈವರ್ಟರ್, ಎಂಟು ಇಂಚಿನ ರೇನ್ ಶವರ್, ಆಂಗಲ್ ಕಾಕುಗಳು, ಹೆಲ್ತ್ ಫಾಸೆಟ್, ಬೇಸಿನ್, ಕಮೋಡ್ ಸೇರಿ 30,500 ರೂಪಾಯಿ, 18 ಪ್ರತಿಶತ ಜಿಎಸ್‌ಟಿ ಒಳಗೊಂಡು.

ಇಲ್ಲಿ ಮಾಡಿದ ಒಂದು ಕೆಲಸ ಮಾತ್ರ ನೂರಕ್ಕೆ ನೂರು ಸರಿ. ಅಂಗಡಿಯವರು ‘ಬಿಲ್ ಬೇಡ ಅಂದರೆ ಜಿಎಸ್‌ಟಿ ಬಿಡ್ತೀನಿ’ ಎಂದರು. ನಾಲ್ಕೂವರೆ ಸಾವಿರದ ಆಸೆ ಸಣ್ಣದಲ್ಲ. ತಮ್ಮ ಬೇಡವೆಂದ. ಬಿಲ್ಲು ಅಮ್ಮನ ಹೆಸರಿಗೆ, ಒಂದೊಂದು ಸಾಮಾನಿನ ಮಾಡೆಲ್ ನಂಬರ್ ಸಮೇತ ಬರೆಸಿದ. ಹದಿನಾಲ್ಕು ತಿಂಗಳ ನಂತರ ಬೇಸಿನ್ ಮಿಕ್ಸರ್ ತೊಟ್ಟಿಕ್ಕತೊಡಗಿತು. ಕಂಪನಿಗೆ ಫೋನ್ ಮಾಡಿ ಬಿಲ್ಲಿನ ಫೋಟೋ ಕಳಿಸಿದೆವು. ಮೂರನೇ ದಿನ ಹುಡುಗ ಬಂದು ಹಿಡಿಯ ಕೆಳಗಿನ ಕಾರ್ಟ್ರಿಜ್ ಬಿಚ್ಚಿ ತೋರಿಸಿದ. ಒಂದರ ಮೇಲೊಂದು ಕೂತ ಎರಡು ಪಿಂಗಾಣಿ ಬಿಲ್ಲೆಗಳು, ಅವುಗಳ ನಡುವೆ ಸಾಸಿವೆಗಿಂತ ಸಣ್ಣ ಮರಳಿನ ಕಣ ಸಿಕ್ಕಿ ಗೀರು ಬಿದ್ದಿತ್ತು. ಹೊಸದು ಹಾಕಿದ, ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಹೊಸ ಪೈಪು ಹಾಕಿದ ಮೇಲೆ ನಲ್ಲಿ ಕೂರಿಸುವ ಮೊದಲು ಲೈನನ್ನು ಐದು ನಿಮಿಷ ಹಾಗೇ ಹರಿಯಬಿಟ್ಟು ಮಣ್ಣು ಮರಳು ಕಳೆಯಬೇಕು ಎಂದೂ ಅವನೇ ಹೇಳಿದ್ದು.

ಇದಕ್ಕೆ ಎದುರಾದ ಉದಾಹರಣೆ ಪುಣೆಯಲ್ಲಿರುವ ನನ್ನ ಅಕ್ಕನ ಮನೆಯದು. ಅಲ್ಲಿ ಎಲ್ಲವೂ ಗುತ್ತಿಗೆದಾರನೇ ತಂದದ್ದು. ನಲ್ಲಿಯ ಮೇಲೆ ದೊಡ್ಡ ಕಂಪನಿಯ ಹೆಸರಿತ್ತು, ಕೈಯಲ್ಲಿ ಬಿಲ್ಲಿರಲಿಲ್ಲ. ಒಂದೂವರೆ ವರ್ಷಕ್ಕೆ ಹೊಳಪು ಸಿಪ್ಪೆಯಂತೆ ಎದ್ದಿತು. ಕಂಪನಿಯ ಸರ್ವಿಸಿನವನು ಬಂದು ಕೈಯಲ್ಲಿ ಹಿಡಿದು ತೂಗಿ ನೋಡಿ, ಇದು ನಮ್ಮದಲ್ಲ ಎಂದು ಹೊರಟುಹೋದ. ನಿಜವಾದ ಹಿತ್ತಾಳೆಯ ನಲ್ಲಿಗೆ ಒಂದು ಭಾರವಿರುತ್ತದೆ. ಅಗ್ಗದ ಸತುವಿನ ಮಿಶ್ರಲೋಹಕ್ಕೂ ಕ್ರೋಮ್ ಬಳಿದ ಪ್ಲಾಸ್ಟಿಕ್ಕಿಗೂ ಅದು ಬರುವುದಿಲ್ಲ. ಐಎಸ್ಐ ಗುರುತಿನ ಹತ್ತಿರ ಐಎಸ್ 8931 ಎಂದಿದೆಯೋ ನೋಡಬಹುದು, ಈ ಬಗೆಯ ನಲ್ಲಿಗಳ ಮಾನಕ ಅದು. ಕಣ್ಣಿಗೆ ಕಾಣುವ, ಕೈಗೆ ಸಿಗುವ, ಕೆಟ್ಟರೆ ಬಿಚ್ಚಿ ಬದಲಾಯಿಸಬಹುದಾದ ಸಾಮಾನನ್ನು ಮನೆಯವರೇ ತಮ್ಮ ಹೆಸರಿನ ಬಿಲ್ಲಿನೊಂದಿಗೆ ತರಬೇಕು. ಈ ಮಾತನ್ನು ನಾನು ಯಾರಿಗೂ ಧೈರ್ಯವಾಗಿ ಹೇಳುತ್ತೇನೆ.

ಆದರೆ ಆ ಶನಿವಾರ ಪ್ಲಂಬರನ್ನು ಜೊತೆಗೆ ಕರೆದೊಯ್ಯದೆ ಹೋದದ್ದು ತಪ್ಪು. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಅಮ್ಮ ಕೇಳಿದ ಮೊದಲ ಮಾತೇ ಅದು: ‘ಅಂವಗ ಕೇಳಿ ತಗೊಂಡೀರೇನ?’ ಕೇಳಿರಲಿಲ್ಲ. ಕಮೋಡ್ ಎಸ್-ಟ್ರ್ಯಾಪ್ ಆಗಿತ್ತು, ಅಂದರೆ ಮಲದ ನೀರು ನೆಲದೊಳಕ್ಕೆ ಇಳಿಯುವ ಬಗೆ. ನಮ್ಮದು ಹಳೇ ಕಟ್ಟಡ, ಪೈಪು ಹಿಂದಿನ ಗೋಡೆಯಿಂದ ಹೊರಗಿನ ಡಕ್ಟಿಗೆ (ಪೈಪುಗಳು ಇಳಿಯುವ ಕಿಂಡಿಗೆ) ಹೋಗುತ್ತದೆ, ಬೇಕಾದದ್ದು ಪಿ-ಟ್ರ್ಯಾಪ್. ಪೆಟ್ಟಿಗೆ ಕಟ್ಟಿ ವಾಪಸ್ ಕಳಿಸಿದೆವು, ಟೆಂಪೋ ಬಾಡಿಗೆ ಎರಡು ಸಲ ಕೊಟ್ಟೆವು.

ಶವರಿನದು ಇನ್ನೂ ಬೇಸರದ ಕತೆ. ಪ್ಲಂಬರು ಎಂಟು ಇಂಚಿನ ಆ ತಟ್ಟೆಯನ್ನು ನೋಡಿದ ಕೂಡಲೇ ‘ಇಲ್ಲಿ ಪ್ರೆಶರ್ ಸಾಲದು’ ಎಂದರು. ನಾವು ನಂಬಲಿಲ್ಲ. ತಾವು ತರದ ಸಾಮಾನಿಗೆ ಹೆಸರಿಡುತ್ತಿದ್ದಾರೆ ಎಂದುಕೊಂಡೆವು. ಲೆಕ್ಕ ಸರಳವಾಗಿತ್ತು, ನಾವು ಹಾಕಿರಲಿಲ್ಲ ಅಷ್ಟೆ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ನಮ್ಮ ನೀರಿನ ಟ್ಯಾಂಕು ನೇರ ನಮ್ಮ ತಲೆಯ ಮೇಲಿನ ತಾರಸಿಯಲ್ಲಿದೆ. ಟ್ಯಾಂಕು ತುಂಬಿ ತುಳುಕಿದಾಗಲೂ ಶವರಿನಿಂದ ನೀರಿನ ಮಟ್ಟಕ್ಕೆ ಮೂರು ಮೀಟರ್, ಅಂದರೆ 0.3 ಬಾರ್. ಕೆಳಮಹಡಿಯವರಿಗೆ ಇದೇ ಶವರ್ ಚೆನ್ನಾಗಿ ಸುರಿಯುತ್ತಿತ್ತು, ಅಂಗಡಿಯಲ್ಲಿ ಪಂಪ್ ಹಚ್ಚಿ ತೋರಿಸಿದಾಗ ಮಳೆಯಂತೆಯೇ ಬಂದಿತ್ತು. ನಮ್ಮಲ್ಲಿ ತಟ್ಟೆಯ ನಡುವಿನ ಏಳೆಂಟು ತೂತುಗಳಿಂದ ಹನಿಹನಿಯಾಗಿ ಇಳಿಯಿತು. ಎರಡು ವಾರಕ್ಕೆ ಅದನ್ನು ತೆಗೆಸಿ ಸಾದಾ ಹ್ಯಾಂಡ್ ಶವರ್ ಹಾಕಿಸಿದೆವು. ಅವರ ಮಾತು ಅನುಭವದ್ದಾಗಿತ್ತು. ನಾವೇ ಅದರೊಳಗೆ ಕಮಿಷನ್ ಹುಡುಕಿದೆವು.

ಒಂದು ಎಲ್ಬೋ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗೋಡೆಯೊಳಗಿನ ಸಾಮಾನನ್ನೂ ನಾವೇ ತರುವುದೆಂದಾಗಿತ್ತಲ್ಲ, ಪ್ಲಂಬರು ಒಂದು ಚೀಟಿ ಬರೆದುಕೊಟ್ಟರು. ಅರ್ಧ ಇಂಚು, ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು, ಎಲ್ಬೋ ಇಷ್ಟು, ಟೀ ಇಷ್ಟು, ಹಿತ್ತಾಳೆ ಎಳೆಯ (ಅಂದರೆ ಬಾಯಿಯ ತಿರುಪು ಹಿತ್ತಾಳೆಯದಾದ) ಎಲ್ಬೋ ಇಷ್ಟು, ಪೈಪು ಅಂಟಿಸುವ ಸಾಲ್ವೆಂಟ್, ಎಳೆಗೆ ಸುತ್ತುವ ಟೆಫ್ಲಾನ್ ಟೇಪು. ಗೋಡೆ ಕೊರೆದ ಮೇಲೆ ಯಾವ ಚೀಟಿಯೂ ನಿಲ್ಲುವುದಿಲ್ಲ. ಒಂದು ಕಡೆ ಬೀಮ್ ಸಿಗುತ್ತದೆ, ಇನ್ನೊಂದು ಕಡೆ ಹಳೇ ಪೈಪನ್ನು ಬಳಸಿ ಹೋಗಬೇಕಾಗುತ್ತದೆ, ನಾಲ್ಕು ಎಲ್ಬೋ ಹೆಚ್ಚು ಬೇಕು. ತಾನೇ ಸಾಮಾನು ತರುವ ಪ್ಲಂಬರಾದರೆ ಚೀಲದಲ್ಲಿ ಹೆಚ್ಚುವರಿ ಇಟ್ಟುಕೊಂಡಿರುತ್ತಾನೆ, ಉಳಿದದ್ದು ಮುಂದಿನ ಮನೆಗೆ ಹೋಗುತ್ತದೆ. ನಮ್ಮಲ್ಲಿ ಪ್ರತಿ ಸಲವೂ ಅವರು ಕೈಕಟ್ಟಿ ನಿಲ್ಲುವುದು, ನಾನು ಅಂಗಡಿಗೆ ಓಡುವುದು.

ಅಂಥ ಒಂದು ಓಟ ರಾತ್ರಿ ಎಂಟೂವರೆಗೆ. ಆಫೀಸಿನಿಂದ ಬರುತ್ತಾ ಸ್ಟೇಷನ್ ರಸ್ತೆಯ ಒಂದು ಅಂಗಡಿಗೆ ಹೋದೆ. ಗೀಸರಿನ ಬಿಸಿನೀರು ಹೊರಬರುವ ಪಾಯಿಂಟಿಗೆ ಒಂದು ಹಿತ್ತಾಳೆ ಎಳೆಯ ಎಲ್ಬೋ ಬೇಕಿತ್ತು. ಹಿತ್ತಾಳೆಯದು ಮುಗಿದಿತ್ತು. ಅಂಗಡಿಯವನು ಅದೇ ಅಳತೆಯ ಪೂರ್ತಿ ಪ್ಲಾಸ್ಟಿಕ್ಕಿನದು ಕೊಟ್ಟ. ಹಿತ್ತಾಳೆಯದಕ್ಕೆ 130 ರೂಪಾಯಿ, ಇದಕ್ಕೆ 40. ಅದೂ ಸಿಪಿವಿಸಿಯದೇ, ಬಿಸಿನೀರು ತಡೆಯುವ ಪ್ಲಾಸ್ಟಿಕ್ಕೇ. ತಂದುಕೊಟ್ಟೆ.

ಬೆಳಿಗ್ಗೆ ಪ್ಲಂಬರು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ಹಿತ್ತಾಳೆಯದು ಬೇಕಿತ್ತು ಎಂದರು. ಟೈಲ್ಸ್ ಮೇಸ್ತ್ರಿ ಸಿಮೆಂಟು ಕಲಸಲು ಕಾಯುತ್ತಿದ್ದ, ಅವನ ದಿನಗೂಲಿ ಓಡುತ್ತಿತ್ತು. ‘ಇದನ್ನೇ ಹಾಕಿ’ ಎಂದವನು ನಾನು. ಅವರು ಹಾಕಿದರು. ಟೈಲ್ಸಿನ ಮಟ್ಟಕ್ಕೆ ಬಾಯಿ ತರಲು ಹಿತ್ತಾಳೆ ನಿಪ್ಪಲನ್ನು (ಎಳೆಯಿರುವ ಗಿಡ್ಡ ಕೊಳವೆ) ಅದರೊಳಗೆ ತಿರುಗಿಸಿ ಪಾನಾದಿಂದ ಬಿಗಿದರು.

ಆ ಬಿಗಿತದಲ್ಲೇ ತೊಂದರೆ ಇತ್ತು. ಇಂಥ ನಿಪ್ಪಲಿನ ಎಳೆ ಸಾಮಾನ್ಯವಾಗಿ ನೇರವಾಗಿರುವುದಿಲ್ಲ, ತುದಿ ಸಣ್ಣದಾಗಿ ಹಿಂದಕ್ಕೆ ದಪ್ಪವಾಗುತ್ತಾ ಹೋಗುತ್ತದೆ. ಟೆಫ್ಲಾನ್ ಸುತ್ತಿದರೆ ಇನ್ನಷ್ಟು ದಪ್ಪ. ಲೋಹದ ಗಂಡು ಎಳೆ ಪ್ಲಾಸ್ಟಿಕ್ಕಿನ ಹೆಣ್ಣು ಎಳೆಯೊಳಗೆ ಹೋದಂತೆಲ್ಲ ಸೌದೆಗೆ ಬೆಣೆ ಹೊಡೆದ ಹಾಗೆ ಅದನ್ನು ಒಳಗಿನಿಂದ ಅಗಲಿಸುತ್ತದೆ. ಹಿತ್ತಾಳೆ ಬಳೆ ಇರುವ ಎಲ್ಬೋ ಆ ಸೆಳೆತವನ್ನು ತಾಳಿಕೊಳ್ಳುತ್ತದೆ. ಬರೀ ಪ್ಲಾಸ್ಟಿಕ್ಕಾದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಆಮೇಲೆ ಬಿಸಿ, ತಂಪು, ಬಿಸಿ, ತಂಪು ಎಂದು ದಿನಾ ಹಿಗ್ಗಿ ಕುಗ್ಗಿ ಬಿರುಕು ಉದ್ದವಾಗುತ್ತದೆ.

ತಣ್ಣೀರಿನ ಲೈನಿಗೆ ಹಿಂದಿನ ರಾತ್ರಿ ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷೆ ಆಗಿತ್ತು. ಒತ್ತಡದ ಗೇಜಿನ ಮುಳ್ಳು 7 ಕೆಜಿಯಲ್ಲಿ (ಸುಮಾರು 7 ಬಾರ್) ನಿಂತಿತ್ತು. ಬಿಸಿನೀರಿನ ಲೈನು ಆ ಒಂದು ಎಲ್ಬೋಗಾಗಿ ಅಪೂರ್ಣವಾಗಿತ್ತು. ಬೆಳಿಗ್ಗೆ ಜೋಡಿಸಿದ ಮೇಲೆ ಸಾಲ್ವೆಂಟ್ ಒಣಗಿ ಗಟ್ಟಿಯಾಗಲು ಒಂದು ದಿನವಾದರೂ ಬಿಟ್ಟು ಪರೀಕ್ಷೆ ಮಾಡಬೇಕಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅದರ ಮೇಲೆ ಟೈಲ್ಸ್ ಕೂತಿತ್ತು.

ಕೆಲಸ ಮುಗಿದು ಏಳನೇ ವಾರ. ಕೆಳಗಿನ ಮನೆಯವರು ಕುಂದಾಪುರದ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದರು: ‘ಹ್ವಾಯ್, ಒಂಚೂರ್ ಕೆಳಗ್ ಬಂದ್ ಕಾಣಿ.’ ಅವರ ಬಚ್ಚಲಿನ ಸೀಲಿಂಗಿನಲ್ಲಿ ಅಂಗೈಯಗಲದ ಕಂದು ಕಲೆ. ಅವರು ಅದರ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆದಿದ್ದರು. ಅದರ ಹೊರಗೆ ಇನ್ನೊಂದು ಗೆರೆ, ಇನ್ನೊಂದು ತಾರೀಕು. ಮರದ ಕಾಂಡವನ್ನು ಅಡ್ಡ ಕೊಯ್ದಾಗ ಕಾಣುವ ಉಂಗುರಗಳ ಹಾಗಿತ್ತು. ಒಂದು ಗಟ್ಟಿ ಮಾತಾಡಲಿಲ್ಲ ಅವರು, ಆ ಗೆರೆಗಳನ್ನು ತೋರಿಸಿ ಸುಮ್ಮನೆ ನಿಂತರು.

ಆ ಗೆರೆಗಳೇ ಸೋರಿಕೆ ಹುಡುಕಿಕೊಟ್ಟವು. ಪ್ಲಂಬರು ಬಂದು ಗೀಸರಿಗೆ ನೀರು ಹೋಗುವ ಕಾಕನ್ನು ಬಂದ್ ಮಾಡಿ ಮೂರು ದಿನ ಬಿಡಲು ಹೇಳಿದರು. ಹೊರಗಿನ ಗೆರೆ ದಾಟಲಿಲ್ಲ, ಅಂಚು ಒಣಗಿತು. ತೆರೆದಾಗ ಎರಡು ದಿನಕ್ಕೆ ಮತ್ತೆ ತೇವ. ಬಿಸಿನೀರಿನ ಲೈನೇ ಎಂದು ಖಾತ್ರಿಯಾಯಿತು. ಗೀಸರಿನ ಕೆಳಗೆ ಆರು ಟೈಲ್ಸ್ ಒಡೆದಾಗ ಎಲ್ಬೋ ಸಿಕ್ಕಿತು. ಬಾಯಿಯಿಂದ ಮೊಣಕೈವರೆಗೆ ಒಂದು ಗೆರೆ, ಅದರ ಮೇಲೆ ಮಣಿಮಣಿಯಾಗಿ ನೀರು. ನಮ್ಮ ಮಹಡಿಯಲ್ಲಿ ಒತ್ತಡ ಕಡಿಮೆ, ಹಾಗಾಗಿ ಚಿಮ್ಮಿರಲಿಲ್ಲ, ಏಳು ವಾರ ಗೋಡೆಯೊಳಗೇ ಒಸರುತ್ತಾ ನೆಲಕ್ಕಿಳಿದು ಕೆಳಗಿನವರ ಸೀಲಿಂಗ್ ಸೇರಿತ್ತು.

ಯಾರು ಕೊಡಬೇಕು?

ಅಂದು ಸಂಜೆ ನಡೆದ ಮಾತುಕತೆ ಈ ಪ್ರಶ್ನೆಯ ತಿರುಳು. ಪ್ಲಂಬರು ಹೇಳಿದರು: ಮಾಲು ನಿಮ್ಮದು, ಬೇಡವೆಂದೂ ಹೇಳಿದ್ದೆ. ನಾವು ಹೇಳಿದೆವು: ಬಿಗಿದದ್ದು ನೀವು, ಪರೀಕ್ಷೆ ಮಾಡದೆ ಮುಚ್ಚಲು ಬಿಟ್ಟದ್ದೂ ನೀವು. ಅಂಗಡಿಯವನು ಬೇಕಾದರೆ ಇನ್ನೊಂದು ಎಲ್ಬೋ ಕೊಡುತ್ತೇನೆ ಎಂದ. ಸಾಮಾನಿನ ವಾರಂಟಿ ಎಂದರೆ ಸಾಮಾನ್ಯವಾಗಿ ಅಷ್ಟೇ: ಕೆಟ್ಟ ತುಂಡಿಗೆ ಬದಲು ತುಂಡು. ಒಡೆದ ಟೈಲ್ಸಿಗೆ, ಮೇಸ್ತ್ರಿಯ ಕೂಲಿಗೆ, ಕೆಳಗಿನವರ ಪ್ಲಾಸ್ಟರಿಗೆ ಯಾರೂ ಹೊಣೆಯಲ್ಲ. ಸೊಸೈಟಿಯನ್ನು ಕೇಳುವ ಹಾಗೂ ಇರಲಿಲ್ಲ, ಮನೆಯೊಳಗಿನ ಲೈನು ಸೋರಿದರೆ ಅದು ಸದಸ್ಯರ ಖರ್ಚು.

ಅವರದೂ ಸರಿ, ನಮ್ಮದೂ ಸರಿ, ಅದೇ ತೊಂದರೆ. ಸಾಮಾನು ಒಬ್ಬರದು, ಕೈ ಇನ್ನೊಬ್ಬರದು ಆದಾಗ ಗೋಡೆಯೊಳಗಿನ ತಪ್ಪಿಗೆ ಯಜಮಾನನೇ ಇರುವುದಿಲ್ಲ.

ಚಹಾ ಕುಡಿಯುತ್ತಾ ಅವರು ತಾವಾಗಿ ಒಂದು ಮಾತು ಹೇಳಿದರು. ಕಮಿಷನ್ ಇರುವುದು ನಿಜ. ಅಂಗಡಿಯವರೂ ಕೊಡುತ್ತಾರೆ, ಕೆಲವು ಕಂಪನಿಗಳ ಪೆಟ್ಟಿಗೆಯಲ್ಲಿ ಪ್ಲಂಬರಿಗೆಂದೇ ಕೂಪನ್ ಇರುತ್ತದೆ. ‘ಆದರೆ ಮನೆಯವರು ಆರು ತಿಂಗಳ ಮೇಲೆ ಫೋನ್ ಮಾಡಿದಾಗ ನಾನು ಒಂದು ದಿನದ ಕೂಲಿ ಬಿಟ್ಟು ಬರುವುದು ಅದೇ ದುಡ್ಡಿನಲ್ಲಿ. ಬರೀ ಕೂಲಿಯ ಮನೆಗೆ ಎರಡನೇ ಸಲ ಬರಲು ನನ್ನ ಹತ್ತಿರ ಏನಿದೆ?’ ನಾವು ಸಾಮಾನಿನ ಲಾಭವನ್ನೂ ಕಿತ್ತುಕೊಂಡಿದ್ದೆವು, ಕೂಲಿಯಲ್ಲೂ ಮೂರು ಸಾವಿರ ಕಡಿದಿದ್ದೆವು. ಆ ದುಡ್ಡಿನಲ್ಲಿ ಬರೆಯದ ಒಂದು ಗ್ಯಾರಂಟಿ ಅಡಗಿತ್ತು, ನಾವು ಅದನ್ನೂ ಬೇಡವೆಂದ ಹಾಗಾಗಿತ್ತು.

ಕೊನೆಗೆ ಒಪ್ಪಂದವಾದದ್ದು ಹೀಗೆ: ಅವರು ಎರಡು ದಿನದ ಕೂಲಿ ತೆಗೆದುಕೊಳ್ಳಲಿಲ್ಲ. ಟೈಲ್ಸ್ ಮತ್ತು ಮೇಸ್ತ್ರಿಗೆ 4,500, ಕೆಳಗಿನವರ ಸೀಲಿಂಗ್ ಪ್ಲಾಸ್ಟರ್, ಬಣ್ಣಕ್ಕೆ 9,000 ನಾವು ಕೊಟ್ಟೆವು. ಗೋಡೆಯೊಳಗಿನ ಸಾಮಾನಿಗೆ ನಾವು ಬಿಡಿಬಿಡಿಯಾಗಿ ಖರ್ಚು ಮಾಡಿದ್ದು 11,400, ಕೂಲಿ 19,000, ಒಟ್ಟು 30,400. ಅವರೇ ಮಾಡಿದ್ದರೆ 34,000. ಉಳಿಸಿದ್ದು 3,600, ಕಳೆದದ್ದು 13,500.

ಆ ವರ್ಷ ದೀಪಾವಳಿ ಮುಗಿದ ಮೇಲೆ ಕೆಳಗಿನ ಮನೆಯವರು ತಮ್ಮ ಬಚ್ಚಲು ಹೊಸದು ಮಾಡಿಸಿದರು, ಅದೇ ಪ್ಲಂಬರಿಂದ. ನಮ್ಮ ಗೊಂದಲವನ್ನೆಲ್ಲ ಹತ್ತಿರದಿಂದ ಕಂಡವರು, ಬ್ಯಾಂಕಿನ ಶಿಸ್ತಿನವರು ಬೇರೆ. ಟೈಲ್ಸಿನ ಹಿಂದೆ ಹೋಗುವುದೆಲ್ಲ ಪ್ಲಂಬರದು ಎಂದು ಹಾಳೆಯ ಮೇಲೆ ಬರೆದರು. ಪೈಪಿನ ಕಂಪನಿ ಯಾವುದು, ಎಳೆಯಿರುವ ಪ್ರತಿ ಎಲ್ಬೋ ಹಿತ್ತಾಳೆಯದೇ, ಒಂದು ವರ್ಷದೊಳಗೆ ಒಳಗಿಂದ ಸೋರಿದರೆ ಒಡೆದು ಸರಿಮಾಡುವ ಖರ್ಚೂ ಪ್ಲಂಬರದೇ ಎಂದು ಬರೆಸಿ, ಅದಕ್ಕೆ ಪ್ಲಂಬರು ಕೇಳಿದ ದರವನ್ನು ಒಂದು ರೂಪಾಯಿ ಕಡಿಮೆ ಮಾಡದೆ ಒಪ್ಪಿದರು. ಟೈಲ್ಸಿನ ಮುಂದೆ ಕಾಣುವುದೆಲ್ಲ ತಮ್ಮದು, ತಮ್ಮ ಬಿಲ್ಲಿನಲ್ಲಿ. ಆದರೆ ದುಡ್ಡು ಕೊಡುವ ಮೊದಲು ಪ್ರತಿ ಮಾಡೆಲಿನ ಫೋಟೋ ಪ್ಲಂಬರಿಗೆ ಕಳಿಸಿ ‘ಆಗಬಹುದು’ ಎನಿಸಿಕೊಂಡರು.

ಡೈವರ್ಟರ್ ಮಾತ್ರ ಎರಡೂ ಕಡೆಯದು, ಒಡಲು ಗೋಡೆಯೊಳಗೆ, ಹಿಡಿ ಹೊರಗೆ. ಒಂದು ಕಂಪನಿಯ ಒಡಲಿಗೆ ಇನ್ನೊಂದರ ಹಿಡಿ ಕೂರುವುದಿಲ್ಲ, ಎಷ್ಟೋ ಸಲ ಅದೇ ಕಂಪನಿಯ ಬೇರೆ ಸರಣಿಯದೂ ಕೂರುವುದಿಲ್ಲ. ಅವರು ಎರಡನ್ನೂ ಒಂದೇ ಪೆಟ್ಟಿಗೆಯಾಗಿ ತಂದು ಪ್ಲಂಬರ ಮುಂದೆಯೇ ಬಿಚ್ಚಿಸಿದರು. ಒಡಲಿನ ಮೇಲಿನ ಪ್ಲಾಸ್ಟಿಕ್ ಟೋಪಿಯಲ್ಲಿ ಎರಡು ಗೆರೆಗಳಿರುತ್ತವೆ, ಮುಗಿದ ಟೈಲ್ಸಿನ ಮುಖ ಆ ಎರಡರ ನಡುವೆ ಬರಬೇಕು. ಪ್ಲಂಬರು ಒಂದು ಟೈಲ್ಸ್ ತುಂಡನ್ನೂ ಗಾರೆಯ ದಪ್ಪಕ್ಕೆ ಒಂದು ಮರದ ಚೂರನ್ನೂ ಒತ್ತಿ ಹಿಡಿದು ಅಳೆದ ಮೇಲೆಯೇ ಗೋಡೆ ಎಷ್ಟು ಆಳ ಕೊರೆಯಬೇಕೆಂದು ಗುರುತು ಹಾಕಿದರು.

ಬಿಸಿ, ತಣ್ಣೀರು ಎರಡೂ ಲೈನಿಗೆ ಒತ್ತಡ ಕೊಟ್ಟ ರಾತ್ರಿ ನಾನೂ ಕೆಳಗೆ ಹೋಗಿದ್ದೆ. ಗೋಡೆಯ ಬಿಳಿ ಪೈಪುಗಳ ಪಕ್ಕ ಟೇಪು ಹಿಡಿದು ಆ ಮನೆಯವರ ಮಗಳು ಫೋಟೋ ತೆಗೆದುಕೊಂಡಳು, ನಾಳೆ ಮೊಳೆ ಹೊಡೆಯುವಾಗ ಬೇಕೆಂದು. ಮುಳ್ಳು 7ಕ್ಕೆ ಏರಿದಾಗ ಕೆಳಗಿನ ಮನೆಯವರು ಪೆನ್ಸಿಲ್ ತೆಗೆದು ಗೇಜಿನ ಗಾಜಿನ ಮೇಲೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಗೆರೆ ಎಳೆದು ತಾರೀಕು, ಹೊತ್ತು ಬರೆದರು. ಬೆಳಿಗ್ಗೆ ಏಳಕ್ಕೆ ನಾನು ಹೋಗುವಷ್ಟರಲ್ಲಿ ಪ್ಲಂಬರು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ಮುಳ್ಳು ಗೆರೆಯ ಮೇಲೇ ಇತ್ತು. ಅವರು ಎದ್ದು ಮೇಸ್ತ್ರಿಗೆ ಸಿಮೆಂಟು ಕಲಸಲು ಹೇಳಿದರು.